ಏಳನೆಯ ಡಬ್ಬಿ

"ಒಳಗ ಬರಬ್ಯಾಡ್ರಿ ಮೇಡಂ. ಅಲ್ಲೇ ನಿಂತು ಮಾತಾಡ್ರಿ."

ಗುಣವತಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಮೊಣಕೈವರೆಗೆ ಸೋಪಿನ ನೊರೆ. ಅವಳ ಬೆನ್ನ ಹಿಂದೆ ಅಮೀರ್‌ಪೇಟ್‌ನ ಆ ಲೇಡೀಸ್ ಹಾಸ್ಟೆಲಿನ ಹಿತ್ತಲು. ತೊಂಬತ್ತು ಹುಡುಗಿಯರು ಇಡ್ಲಿ ತಿಂದು ಕೋಚಿಂಗ್ ಕ್ಲಾಸಿಗೆ ಓಡಿದ ಮೇಲೆ ಉಳಿದ ತಟ್ಟೆಗಳು ನಲ್ಲಿಯ ಕೆಳಗೆ ಗುಡ್ಡೆ ಬಿದ್ದಿದ್ದವು.

"ನಾ ಬೈಲಿಕ್ಕೆ ಬಂದಿಲ್ಲ ಗುಣವತಿ," ಎಂದಳು ಪ್ರಿಯಂವದಾ.

"ಬೈರಿ. ನಾ ಏನೂ ಅನ್ನಂಗಿಲ್ಲ. ಹತ್ರ ಮಾತ್ರ ಬರಬ್ಯಾಡ್ರಿ. ನಿಮಗೂ ಹತ್ತೀತು."

ಪ್ರಿಯಂವದಾ ಹೊಸ್ತಿಲಾಚೆಯೇ ನಿಂತಳು. ದೂರದ ಹಳ್ಳಿಗಳಲ್ಲಿ ಎದ್ದ ರೋಗದ ಜಾಡು ಹಿಡಿದು ಅದರ ಮೂಲ ಮುಟ್ಟುವುದು ಡಾಕ್ಟರಾದ ಅವಳ ಕೆಲಸ. ಕೃಷ್ಣಾ ನದಿಯ ಮೂರು ನಡುಗಡ್ಡೆಗಳಲ್ಲಿ ಮೂವತ್ತೊಂದು ಮಕ್ಕಳಿಗೆ ಟೈಫಾಯ್ಡ್ ಬಂದು ಇಬ್ಬರು ತೀರಿಕೊಂಡಾಗ, ಅದನ್ನು ಹಂಚಿದವಳು ಆರೋಗ್ಯ ಶಿಬಿರದ ಅಡುಗೆಯಾಕೆ ಗುಣವತಿ ಎಂದು ಬರೆದುಕೊಟ್ಟವಳು ಅವಳೇ.

ಬರೆದದ್ದು ಸರ್ಕಾರಕ್ಕೆ. ಹೆಸರು ಹೊರಗೆ ಹೋಗಬಾರದಿತ್ತು. ಆದರೆ ಪತ್ರಿಕೆಯವನೊಬ್ಬ ಫೋನಿನಲ್ಲಿ ಕೆದಕಿ ಕೆದಕಿ ಕೇಳಿದಾಗ, ಪತ್ತೆ ಹಚ್ಚಿದ ಹೆಮ್ಮೆಯಲ್ಲಿ ಅದು ಅವಳ ಬಾಯಿಂದಲೇ ಜಾರಿತು. ಮರುದಿನ ಗುಣವತಿಯ ಮನೆಯ ಮೇಲೆ ಕಲ್ಲು ಬಿದ್ದವು. ಅದರ ಮರುದಿನ ಅವಳು ತೆಪ್ಪ ಹತ್ತಿ ಊರು ಬಿಟ್ಟಳು. ಐದು ವಾರ ಹುಡುಕಿದ ಮೇಲೆ, ನಿನ್ನೆ ಸಂಜೆ ಗಡ್ಡೆಯ ಶಾಲೆಯ ಮಾಸ್ತರರಿಂದ ಈ ವಿಳಾಸ ಸಿಕ್ಕಿತ್ತು.

"ಇಲ್ಲಿ ಅಡಿಗಿ ಮಾಡತೀಯೇನು?"

"ಛೇ ಛೇ!" ಗುಣವತಿ ಒಂದು ಹೆಜ್ಜೆ ಹಿಂದೆ ಸರಿದಳು. "ಅಡಿಗಿ ಮನ್ಯಾಗ ಕಾಲ ಇಟ್ಟಿಲ್ರಿ. ಖರೇ ಹೇಳತೀನಿ, ಬೇಕಾದ್ರ ಹಾಸ್ಟೆಲ್ ನಡಸೋ ಶ್ರೀಲಕ್ಷ್ಮಿ ಅಕ್ಕಾರನ್ನ ಕೇಳ್ರಿ. ಬರೇ ಭಾಂಡಿ ತಿಕ್ಕತೀನಿ. ತಿಕ್ಕಿದ ಮ್ಯಾಲ ಕುದಿಯೋ ನೀರಾಗ ಎರಡೆರಡು ಸಲ ಅದ್ದತೀನಿ. ನನ್ನ ತಟ್ಟಿ, ನನ್ನ ಲೋಟ ಬ್ಯಾರೆ ಇಟ್ಟೀನಿ."

ಆಗ ಪ್ರಿಯಂವದಾ ಆ ಕೈಗಳನ್ನು ನೋಡಿದಳು. ನೊರೆಯ ಕೆಳಗೆ ಬೆರಳುಗಳು ಬೆಂದು ಕೆಂಪಾಗಿದ್ದವು. ಎರಡು ಕಡೆ ಚರ್ಮ ಸುಲಿದಿತ್ತು.

ಕೆಲವರ ಹೊಟ್ಟೆಯಲ್ಲಿ ಆ ಜೀವಾಣು ವರ್ಷಗಟ್ಟಲೆ ಸದ್ದಿಲ್ಲದೆ ಉಳಿಯುತ್ತದೆ. ಅವರಿಗೆ ಜ್ವರವಿಲ್ಲ, ನೋವಿಲ್ಲ. ಅವರ ಕೈ ತಾಗಿದ್ದನ್ನು ಉಂಡವರಿಗೆ ಜ್ವರ. ಇದನ್ನು ಶಾಲೆಯ ಕಟ್ಟೆಯ ಮೇಲೆ ನಿಂತು ಊರವರಿಗೆಲ್ಲ ಬಿಡಿಸಿ ಹೇಳಿದವಳು ಪ್ರಿಯಂವದಾ. ಗುಣವತಿ ಒಂದಕ್ಷರ ಬಿಡದೆ ನಂಬಿದ್ದಳು.

"ಮಾನಸಾನ್ನ ಮಣ್ಣ ಮಾಡೋವಾಗ ನನ್ನ ಹತ್ರ ಬಿಡಲಿಲ್ರಿ," ಎಂದಳು ಅವಳು, ಯಾರೂ ಕೇಳದೆಯೇ. "ಆರು ವರ್ಷದ ಕೂಸು. ನನ್ನ ತಂಗೀ ಮಗಳು. ನನ್ನ ಕೈಲೇನ ಉಂಡು ಬೆಳದದ್ದು. ಬಿಡದೇ ಇದ್ದದ್ದ ಚಲೋ ಆತು ಬಿಡ್ರಿ. ಯಾವ ಮುಖ ಇಟ್ಕೊಂಡು ಹೋಗತಿದ್ದೆ?"

ಬರುವಾಗ ಮೆಟ್ರೋದಲ್ಲಿ ಪ್ರಿಯಂವದಾ ಕ್ಷಮೆಯ ಮಾತನ್ನು ಮನಸ್ಸಿನಲ್ಲೇ ನಾಲ್ಕು ಸಲ ಜೋಡಿಸಿಕೊಂಡಿದ್ದಳು. ಆ ಕೈಗಳ ಮುಂದೆ ಅದು ಬಾಯಿಗೆ ಬರಲಿಲ್ಲ. ಬದಲಿಗೆ ಚೀಲದಿಂದ ಬಿಳಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು ಮುಂದೆ ಹಿಡಿದಳು.

"ಸೋಮವಾರ ಫೈಲ್ ಮುಚ್ಚತಾರ. ಮುಚ್ಚೋ ಮೊದಲು ಇನ್ನೊಂದು ಸಲ ಪರೀಕ್ಷೆ ಆಗಬೇಕು, ನಿಯಮ ಅದ. ನಾಳೆ ಮುಂಜಾನೆ ಇದರಾಗ..."

ಗುಣವತಿ ಡಬ್ಬಿಯನ್ನು ದಿಟ್ಟಿಸಿದಳು.

"ಮತ್ತ ಡಬ್ಬಿ ಏನ್ರಿ? ಆವತ್ತು ಖಾಲಿ ಕೊಟ್ರೂ ಹಿಡದ್ರಿ. ತುಂಬಿ ಕೊಟ್ರ ಇನ್ನೇನ್ ಮಾಡತೀರಿ?"

ಪ್ರಿಯಂವದಾ ಅವಳನ್ನೇ ನೋಡಿದಳು.

"ಏನಂದಿ? ಖಾಲಿ ಕೊಟ್ಟಿ?"

ಗುಣವತಿ ತಲೆ ತಗ್ಗಿಸಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು.

"ನಾಚಿಕಿ ಬಂತ್ರಿ. ಶಾಲಿ ಸಂಡಾಸಿನ ಬಾಗಿಲ ಮುಂದ ಗಂಡಸರು ನಿಂತಿದ್ರು. ಅಂಥಾದ್ದನ್ನ ಡಬ್ಬ್ಯಾಗ ತಂದು ಗಂಡಸಿನ ಕೈಯಾಗ ಕೊಡೋದು ಹ್ಯಾಂಗ್ರಿ? ಮುಚ್ಚಳ ಬಿಗಿ ಮಾಡಿ, ಅರಿವ್ಯಾಗ ಸುತ್ತಿ, ಹಂಗ ಕೊಟ್ಟುಬಿಟ್ಟೆ."

"ಖಾಲಿ ಡಬ್ಬಿ?"

"ಹೂಂನ್ರಿ."

"ಮತ್ತ ಊರು ಕಲ್ಲು ಒಗಿಯೋವಾಗ ಯಾಕ ಹೇಳಲಿಲ್ಲ?"

"ಹೇಳಿ ಏನ್ ಮಾಡಲ್ರಿ?" ಅವಳ ದನಿ ತೀರ ಇಳಿಯಿತು. "ನನ್ನ ಕೈ ಮುಟ್ಟಿತ್ತಲ್ಲ. ಅಷ್ಟಕ್ಕ ಡಬ್ಬಿಗೂ ರೋಗ ಹತ್ತೇತಿ, ನಿಮ್ಮ ಮಷೀನಿಗೆ ಅದೂ ಕಂಡೇತಿ ಅಂತ ತಿಳಕೊಂಡೆ."

ಹಾಸ್ಟೆಲಿನ ಮುಂದಿನ ರಸ್ತೆಯಲ್ಲಿ ಬಸ್ಸೊಂದು ಎಡೆಬಿಡದೆ ಹಾರ್ನ್ ಹೊಡೆಯುತ್ತಿತ್ತು.

"ಗುಣವತಿ, ಇನ್ನೊಂದು ಕೇಳತೀನಿ. ಮೊಸರಿಗೆ ಹೆಪ್ಪು ಹಾಕತಿದ್ದಾಕಿ ನೀನ ಹೌದಲ್ಲ?"

"ಹೆಪ್ಪು ಎಲ್ಲಿ ಬಂತ್ರಿ? ಪಾಕೀಟಿನ ಮೊಸರು, ಮಕ್ತಲ್ ಪ್ಯಾಟಿಯಿಂದ ನಿಮ್ಮ ಗಾಡ್ಯಾಗ ಬರತಿತ್ತು. ನೀವು ಬರೋದ್ರಾಗ ನಿಮ್ಮ ಲ್ಯಾಬಿನ ಹಿರ್ಯಾರು ಅದನ್ನ ಕತ್ತರಿಸಿ ಪಾತೇಲಿಗೆ ಸುರೀತಿದ್ರು. ನಾ ಮಾಡಿದ್ದು ಅನ್ನ, ಸಾರು, ಅಷ್ಟ. ಬಿಸಿ ಬಿಸಿ ಇಳಿಸಿ ಕೊಟ್ಟು ನಾ ಒಲಿ ಮುಂದ ಕೂಡತಿದ್ದೆ."

ಅಷ್ಟು ಹೇಳಿ ಅವಳು ಬಾಗಿಲು ಸರಿಸಿಕೊಂಡಳು. ಒಳಗೆ ನಲ್ಲಿ ಮತ್ತೆ ಸುರಿಯಲು ತೊಡಗಿತು.

*

ಉಪ್ಪಲ್ ಕಡೆಗೆ ಹೋಗುವ ಮೆಟ್ರೋದಲ್ಲಿ ಸೀಟು ಸಿಕ್ಕರೂ ಪ್ರಿಯಂವದಾ ಕೂರಲಿಲ್ಲ. ಕಂಬ ಹಿಡಿದು ನಿಂತು ಫೋನಿನಲ್ಲಿದ್ದ ಪಟ್ಟಿಯನ್ನು ತೆರೆದಳು.

ಆ ಪಟ್ಟಿ ಅವಳಿಗೆ ಬಾಯಿಪಾಠವಾಗಿತ್ತು. ಮಕ್ಕಳಲ್ಲಿ ರಕ್ತ ಎಷ್ಟು ಕಡಿಮೆಯಿದೆ ಎಂದು ನೋಡಲು ಮೂರು ಗಡ್ಡೆಗಳಲ್ಲಿ ಮೂರು ಶಿಬಿರ. ಪ್ರತಿ ಶಿಬಿರದ ಎರಡು ವಾರಕ್ಕೆ ಸರಿಯಾಗಿ ಜ್ವರ. ಮೂವತ್ತೊಂದು ಮಕ್ಕಳೂ ಶಿಬಿರದಲ್ಲಿ ಉಂಡದ್ದು ಮೊಸರನ್ನ. ಬಿಸಿ ಅನ್ನ, ಸಾರು ಉಂಡ ದೊಡ್ಡವರಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ.

ಇದು ಅವಳಿಗೆ ಮೊದಲ ವಾರವೇ ಕಂಡಿತ್ತು. ಮೊಸರಿಗೆ ಹೆಪ್ಪು ಹಾಕಿದವಳು ಗುಣವತಿ ಎಂದು ತಾನೇ ಊಹಿಸಿಕೊಂಡಿದ್ದಳು. ಯಾರನ್ನೂ ಕೇಳಿರಲಿಲ್ಲ. ಬಡ ಹೆಂಗಸು, ಮಣ್ಣಿನ ಒಲೆ, ನದಿಯ ನೀರು. ಅಷ್ಟು ಸಾಕಾಗಿತ್ತು ಅವಳಿಗೆ.

ಅಡುಗೆ, ನೀರು, ತಟ್ಟೆ ಮುಟ್ಟಿದ ಏಳು ಜನ ಊರವರಿಂದ ಮಲದ ಮಾದರಿಯ ಏಳು ಡಬ್ಬಿ ಸಂಗ್ರಹಿಸಿದ್ದರು. ಆರರಲ್ಲಿ ಆ ಜೀವಾಣು ಇರಲಿಲ್ಲ. ಏಳನೆಯದರಲ್ಲಿ ಸಿಕ್ಕ ಜೀವಾಣುವೂ ಮಕ್ಕಳ ರಕ್ತದಲ್ಲಿದ್ದ ಜೀವಾಣುವೂ ಒಂದೇ ತಳಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅದರಲ್ಲಿ ಸಂಶಯವೇ ಇರಲಿಲ್ಲ.

ಖಾಲಿ ಡಬ್ಬಿಯಲ್ಲಿ ಜೀವಾಣು ಹುಟ್ಟುವುದಿಲ್ಲ. ಹಾಗಾದರೆ ಯಾರೋ ಅದನ್ನು ತುಂಬಿದ್ದಾರೆ.

ಗಡ್ಡೆಯಿಂದ ಹೈದರಾಬಾದಿನವರೆಗೆ ಆ ಡಬ್ಬಿಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದವನು ಒಬ್ಬನೇ. ಶಿಬಿರದಲ್ಲಿ ಮೊಸರಿನ ಪಾಕೀಟು ಕತ್ತರಿಸಿ ಸುರಿಯುತ್ತಿದ್ದವನೂ ಅವನೇ. ಲ್ಯಾಬ್ ಟೆಕ್ನಿಷಿಯನ್ ಗುರುಬಸವ. ಹನ್ನೆರಡು ವರ್ಷಗಳಿಂದ ಅವಳ ಬಲಗೈ.

ತಾರ್ನಾಕಾ ದಾಟಿತು, ಹಬ್ಸಿಗುಡ ದಾಟಿತು. ಪ್ರಿಯಂವದಾ ಪಟ್ಟಿಯನ್ನು ಮುಚ್ಚಿದಳು. ಮತ್ತೊಬ್ಬ ಮನುಷ್ಯನ ಹೆಸರು ಹಿಡಿದು ಹೊರಟಿದ್ದೇನೆ ಎಂದುಕೊಂಡಳು.

*

ಅವಳ ಆಫೀಸಿನ ಸ್ಯಾಂಪಲ್ ತೆಗೆದುಕೊಳ್ಳುವ ಕೋಣೆಯಲ್ಲಿ ಗುರುಬಸವ ಒಬ್ಬನೇ ಇದ್ದ. ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ರಿಜಿಸ್ಟರಿನಲ್ಲಿ ಗೆರೆ ಎಳೆಯುತ್ತಿದ್ದ. ಇನ್ನೆಂಟು ತಿಂಗಳಿಗೆ ನಿವೃತ್ತಿ.

"ಬರ್ರಿ ಮೇಡಂ. ಸಿಕ್ಕಳೇನ್ರಿ ಆ ಹೆಣ್ಮಗಳು?"

"ಸಿಕ್ಕಳು. ಆವತ್ತು ಡಬ್ಬಿ ಖಾಲಿ ಕೊಟ್ಟೀನಿ ಅಂದಳು."

ಗೆರೆ ಎಳೆಯುತ್ತಿದ್ದ ಪೆನ್ನು ಅರ್ಧಕ್ಕೇ ನಿಂತಿತು.

ಪ್ರಿಯಂವದಾ ಬಾಗಿಲು ಮುಂದೆ ಮಾಡಿ ಎದುರಿನ ಸ್ಟೂಲ್ ಎಳೆದುಕೊಂಡು ಕೂತಳು. ಹಳೆಯ ರಿಜಿಸ್ಟರ್ ತೆಗೆದು ಆ ದಿನದ ಪುಟ ತೆರೆದಳು. ಏಳು ಸಾಲು, ಏಳೂ ಅವನ ದುಂಡು ಅಕ್ಷರ. ಕೊನೆಯ ಸಾಲಿನಲ್ಲಿ ಗುಣವತಿಯ ಹೆಸರಿನ ಮುಂದೆ 'ಸಾಕಷ್ಟಿದೆ' ಎಂದು ಬರೆದಿತ್ತು.

"ಏನು ಸಾಕಷ್ಟಿತ್ತು ಗುರುಬಸವ್ರೇ?"

ಅವನು ತನ್ನ ಮುಂದಿನ ರಿಜಿಸ್ಟರ್ ಮುಚ್ಚಿದ.

"ನೀವು ತುಂಬಿದ್ರಿ. ಹೌದಲ್ಲೋ?"

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಹೌದ್ರಿ."

"ಯಾರದು?"

"ನಂದ ರೀ."

ಇಷ್ಟು ಬೇಗ ಒಪ್ಪುತ್ತಾನೆಂದು ಅವಳು ಎಣಿಸಿರಲಿಲ್ಲ.

"ನಂದ," ಎಂದು ಅವನು ಮತ್ತೊಮ್ಮೆ ಹೇಳಿದ. "ರೋಗ ನನ್ನ ಹೊಟ್ಟ್ಯಾಗ ಐತಿ. ಬರದುಬಿಡ್ರಿ ಮೇಡಂ. ನಾ ಸಹಿ ಮಾಡತೀನಿ. ಆ ಹೆಣ್ಮಗಳನ್ನ ಊರಿಗೆ ಕಳಸ್ರಿ."

ಪ್ರಿಯಂವದಾ ಪೆನ್ನು ಎತ್ತಿಕೊಂಡಳು. ಗುರುಬಸವ ಎಂದು ಬರೆದಳು. ಮೊದಲ ಶಿಬಿರದ ತಾರೀಖು ಬರೆದಳು. ಎರಡನೆಯ ಶಿಬಿರದ ತಾರೀಖು ಬರೆಯುವಾಗ ಅವಳ ಕೈ ತಡೆಯಿತು.

ಆ ಸಲ ಗುರುಬಸವ ಇರಲಿಲ್ಲ. ಬಸುರಿ ಮಗಳ ಕುಬಸವೆಂದು ನಾಲ್ಕು ದಿನ ರಜೆ ಹಾಕಿ ಬೀದರಿಗೆ ಹೋಗಿದ್ದ. ಬರುವಾಗ ಆಫೀಸಿಗೆಲ್ಲ ಕರದಂಟು ತಂದಿದ್ದ. ಆದರೂ ಆ ಗಡ್ಡೆಯಲ್ಲಿ ಹದಿನಾಲ್ಕು ಮಕ್ಕಳು ಮಲಗಿದ್ದರು. ಮಾನಸಾ ಸತ್ತದ್ದೂ ಅಲ್ಲೇ, ಅಜ್ಜಿಯ ಮನೆಯಲ್ಲಿ.

"ಸುಳ್ಳು ಹೇಳಬ್ಯಾಡ್ರಿ," ಎಂದಳು ಪ್ರಿಯಂವದಾ. "ಎರಡನೇ ಶಿಬಿರಕ್ಕ ನೀವು ಬಂದಿಲ್ಲ. ನಿಮ್ಮಿಂದ ಆಗಿರಲಿಕ್ಕೆ ಸಾಧ್ಯ ಇಲ್ಲ. ಯಾರನ್ನ ಉಳಸಲಿಕ್ಕೆ ನೋಡತೀರಿ?"

ಅವನು ಕನ್ನಡಕ ಮತ್ತೆ ಹಾಕಿಕೊಂಡ.

"ಡ್ರೈವರನ್ನೇನು? ನರ್ಸಮ್ಮನ್ನೇನು?"

"ಮೇಡಂ, ಇಲ್ಲಿಗೆ ಬಿಟ್ಟುಬಿಡ್ರಿ. ನಾ ಒಪ್ಪಕೊಂಡೀನಲ್ಲ? ಎಂಟು ತಿಂಗಳ ನೌಕರಿ, ಹೋದ್ರ ಹೋಗಲಿ. ನನ್ನ ಹೆಸರಾ ಬರ್ಕೋರಿ."

"ಯಾರದು ಗುರುಬಸವ್ರೇ?"

ಹೊರಗೆ ಕಾರಿಡಾರಿನಲ್ಲಿ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ಆ ಸದ್ದು ಅಡಗುವವರೆಗೆ ಗುರುಬಸವ ಕಾದ.

"ಆವತ್ತು ಡಬ್ಬಿ ಕೊಡಾಕ ಹೆಣ್ಮಕ್ಕಳು ಒಲ್ಲೆ ಅಂದ್ರು. ನೆನಪೈತೇನ್ರಿ? ಆಗ ನೀವು ಎಲ್ಲಾರ ಮುಂದ ಒಂದು ಡಬ್ಬಿ ತಗೊಂಡ್ರಿ. 'ಇದರಾಗ ನಾಚಿಕಿ ಏನದ, ನೋಡ್ರಿ, ನಾನೂ ಕೊಡತೀನಿ' ಅಂದ್ರಿ. ಕೊಟ್ರಿ. ಆಮ್ಯಾಲ ತೆಪ್ಪ ಹತ್ತೋವಾಗ ನನಗ ಹೇಳಿದ್ರಿ, 'ನಂದನ್ನ ಚೆಲ್ಲಿಬಿಡ್ರಿ, ಅದರಾಗ ನೋಡೋದೇನದ' ಅಂತ."

ಪ್ರಿಯಂವದಾ ಪೆನ್ನು ಕೆಳಗಿಟ್ಟಳು.

"ದಂಡಿಗೆ ಬಂದು ಎಣಸ್ತೀನಿ, ಏಳನೇದು ಹಗರ ಐತಿ. ಬಿಚ್ಚಿ ನೋಡಿದ್ರ ಖಾಲಿ. ಹೊಳಿ ಏರಾಕತ್ತಿತ್ತು, ತೆಪ್ಪದಂವ ತಿರುಗಿ ಒಯ್ಯಂಗಿಲ್ಲ ಅಂದ. ನಿಮಗ ಹೇಳಬೇಕಂತ ಎರಡು ಹೆಜ್ಜಿ ಇಟ್ಟೆ ರೀ. ಹೋದ ವರ್ಷ ಒಂದು ಡಬ್ಬಿ ಕಮ್ಮಿ ಬಿದ್ದಾಗ ಟ್ರೇನಿಂಗಿಗೆ ಬಂದ ಹುಡುಗೂರ ಮುಂದ ನೀವು ನನಗ 'ಮುದಿ ಎಮ್ಮಿ' ಅಂದಿದ್ರಿ. ಅದು ಕಣ್ಣ ಮುಂದ ಬಂತು. ಕಾಲು ಮುಂದ ಹೋಗಲಿಲ್ಲ."

ಅವಳಿಗೆ ಆ ದಿನ ನೆನಪಿರಲಿಲ್ಲ. ಅಂದದ್ದೂ ನೆನಪಿರಲಿಲ್ಲ.

"ನಿಮ್ಮ ಡಬ್ಬಿ ಇನ್ನಾ ಚೆಲ್ಲಿದ್ದಿಲ್ರಿ. ಡಾಕ್ಟರಮ್ಮಂದು ಸ್ವಚ್ಛ ಇರತೈತಿ, ಇದನ್ನ ಹಾಕಿದ್ರ ಆ ಹೆಣ್ಮಗಳಿಗೆ ಏನೂ ಬರಂಗಿಲ್ಲ, ಯಾರಿಗೂ ತೊಂದ್ರಿ ಇಲ್ಲ, ಅಂತ ಮಾಡಿದೆ ಮೇಡಂ. ದೇವರಾಣಿ, ಅಷ್ಟ ನನ್ನ ಮನಸಿನ್ಯಾಗ ಇದ್ದದ್ದು."

"ರಿಪೋರ್ಟ್ ಬಂದ ದಿನ?"

"ಬಾಯಿ ಬರಲಿಲ್ರಿ. ಐದು ವಾರದಿಂದ ದಿನಾ ಮುಂಜಾನೆ ಹೇಳಬೇಕಂತ ಬರತೀನಿ, ಸಂಜಿಗೆ ಹಂಗ ಮನಿಗೆ ಹೋಗತೀನಿ."

ಪ್ರಿಯಂವದಾ ತನ್ನ ಅಂಗೈಗಳನ್ನು ನೋಡಿಕೊಂಡಳು.

ಸೂಜಿ ಕಂಡು ಅಳುವ ಮಕ್ಕಳನ್ನು ಒಲಿಸಿಕೊಳ್ಳಲು ಅವಳದೊಂದು ಉಪಾಯವಿತ್ತು. ರಕ್ತ ತೆಗೆಯುವ ಮೊದಲು ದೊಡ್ಡ ಪಾತೇಲಿಯಲ್ಲಿ ಮೊಸರನ್ನ ಕಲಸಿ, ಸುತ್ತ ಕೂರಿಸಿಕೊಂಡು ಒಬ್ಬೊಬ್ಬರಿಗೂ ಕೈತುತ್ತು ಹಾಕುತ್ತಿದ್ದಳು. ಮೂರೂ ಶಿಬಿರಗಳಲ್ಲಿ. ಸೋಪು ಹಚ್ಚಿ ತೊಳೆಯುವಷ್ಟು ನೀರು ಹತ್ತಿರ ಇರುತ್ತಿರಲಿಲ್ಲ. ಚೀಲದ ಸ್ಯಾನಿಟೈಸರ್ ಎರಡು ಹನಿ ಸಾಕೆಂದುಕೊಳ್ಳುತ್ತಿದ್ದಳು. ಮೊಸರನ್ನ ಯಾರು ಕಲಸಿದರು ಎಂದು ಈವರೆಗೆ ಅವಳು ಯಾರನ್ನೂ ಕೇಳಿರಲಿಲ್ಲ, ತನ್ನನ್ನೂ ಕೇಳಿಕೊಂಡಿರಲಿಲ್ಲ. ಅಡುಗೆ ಮುಟ್ಟಿದವರ ಪಟ್ಟಿಯಲ್ಲಿ ಡಾಕ್ಟರ ಹೆಸರು ಬರೆಯಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಮೂರು ವರ್ಷಗಳ ಹಿಂದೆ ಅವಳಿಗೇ ಇಪ್ಪತ್ತು ದಿನ ಬಿಡದೆ ಜ್ವರ ಬಂದಿತ್ತು. ಮಾತ್ರೆ ನುಂಗಿ ಎದ್ದು ಕೆಲಸಕ್ಕೆ ಬಂದಿದ್ದಳು. ಹಾಗೆ ಬಂದದ್ದಕ್ಕೆ ಎಲ್ಲರೂ ಹೊಗಳಿದ್ದರು.

"ಮಾನಸಾಗ ಎರಡು ತುತ್ತು ಹೆಚ್ಚಿಗೆ ಹಾಕಿದ್ದೆ," ಎಂದಳು ಮೆಲ್ಲಗೆ. "ಭಾಳ ಸೊರಗಿದ್ದಳು ಅಂತ."

ಗುರುಬಸವ ಎದ್ದು ಬಂದು ಅವಳ ಮುಂದೆ ನಿಂತ. ಅವನ ಕಣ್ಣು ತುಂಬಿದ್ದವು.

"ನಿಮಗ, ನನಗ ಬಿಟ್ರ ಯಾರಿಗೂ ಗೊತ್ತಿಲ್ಲ ಮೇಡಂ. ನಿಮ್ಮ ಇಪ್ಪತ್ತು ವರ್ಷದ ಕೆಲಸ ಮಣ್ಣಪಾಲಾಗತೈತಿ. ನೀವು ಔಷಧ ತಗೋರಿ, ಆರಾಮ ಆಗ್ರಿ. ಹೆಸರು ನಂದ ಇರಲಿ."

ಒಂದು ಗಳಿಗೆ, ಒಂದೇ ಒಂದು ಗಳಿಗೆ, ಅವಳು ಅದನ್ನು ಯೋಚಿಸಿದಳು. ಯೋಚಿಸಿದೆನೆಂದು ಗೊತ್ತಾದಾಗ ಅವಳಿಗೆ ಕಿವಿಯವರೆಗೂ ಬಿಸಿಯೇರಿತು.

ಮೇಜಿನ ಮೇಲಿದ್ದ ಫೋನು ಗುಡುಗುಡು ಎಂದಿತು. ವಿಜಯಕುಮಾರ, ನದಿ ದಂಡೆಯ ಆರೋಗ್ಯ ನಿರೀಕ್ಷಕ.

"ಮೇಡಂ, ಮುಂಜಾನಿಂದ ನಿಮಗ ಫೋನ್ ಹಚ್ಚಾಕತ್ತೀನ್ರಿ, ಇಲ್ಲಿ ನೆಟ್‌ವರ್ಕ ಸಿಗವಲ್ದು! ಬನ್ನಿಗಡ್ಡ್ಯಾಗ ಜ್ವರ ಎದ್ದೈತಿ. ಒಂಬತ್ತು ಹುಡುಗೂರು. ನಾಕನೇ ಗಡ್ಡಿರಿ ಇದು!"

ಬನ್ನಿಗಡ್ಡೆ. ಅಲ್ಲಿ ಶಿಬಿರ ಆಗಿರಲಿಲ್ಲ. ಆದರೆ ಹನ್ನೊಂದು ದಿನದ ಹಿಂದೆ ಪ್ರಿಯಂವದಾ ಒಬ್ಬಳೇ ಅಲ್ಲಿಗೆ ಹೋಗಿದ್ದಳು. ಗುಣವತಿ ಬಂದರೆ ಅಡುಗೆಗೆ ಸೇರಿಸಬೇಡಿ ಎಂದು ಎಚ್ಚರಿಸಲು. ಮಾತು ಮುಗಿದ ಮೇಲೆ ಶಾಲೆಯ ಮಕ್ಕಳಿಗೆ ಚುರುಮುರಿ ಕಲಸಿ ಹಂಚಿ ಬಂದಿದ್ದಳು.

"ಗುಣವತಿ ಕದ್ದು ಬಂದು ಹೋಗ್ಯಾಳ ಅಂತ ಮಂದಿ ಅನ್ನಾಕತ್ತಾರ್ರಿ," ವಿಜಯಕುಮಾರನ ದನಿ ಏರಿತು. "ನೀವು ಮಾಸ್ತರ ಕಡೆ ಆಕಿ ವಿಳಾಸ ತಗೊಂಡ್ರಂತಲ್ಲ, ಅದು ಊರಿಗೆಲ್ಲ ಗೊತ್ತಾಗೇತಿ. ಎರಡು ಕ್ರೂಸರ್ ಗಾಡಿ ಮಾಡ್ಕೊಂಡು ಹೈದರಾಬಾದಿಗೆ ಹೊಂಟಾರ. ಹೇಳ್ರಿ ಮೇಡಂ, ಗುಣವತಿ ಬಂದಿದ್ದಳೇನು ಇಲ್ಲೇನು? ನೀವು ಒಂದು ಮಾತು ಅಂದ್ರ ನಾ ಅವರಿಗೆ ಹೇಳತೀನಿ."

ಗುರುಬಸವ ಎರಡೂ ಕೈ ಮುಗಿದು, ಬೇಡ ಎಂದು ತಲೆಯಾಡಿಸುತ್ತಿದ್ದ.

ಪ್ರಿಯಂವದಾ ಕಣ್ಣು ಮುಚ್ಚಿದಳು.

"ಗುಣವತಿ ಅಲ್ಲ," ಎಂದಳು. "ಆಕಿ ಹತ್ರ ಯಾವ ರೋಗದ ಸುಳಿವೂ ಇಲ್ಲ. ರೋಗ ನನ್ನ ಹತ್ರ ಅದ, ವಿಜಯಕುಮಾರ. ಮೂರು ಗಡ್ಡಿಗೂ ನಾನ ಒಯ್ದೀನಿ. ಬನ್ನಿಗಡ್ಡಿಗೂ ನಾನ. ಈಗಿಂದೀಗ ಆ ಗಾಡಿಯವರಿಗೆ ಫೋನ್ ಮಾಡಿ ಇದನ್ನ ಹೇಳ್ರಿ. ನನ್ನ ಹೆಸರು ಹಿಡದು ಹೇಳ್ರಿ."

ವಿಜಯಕುಮಾರ ಉತ್ತರಿಸಿದಾಗ ಆ ದನಿಯಲ್ಲಿ 'ಮೇಡಂ' ಇರಲಿಲ್ಲ.

"ಎಂಟಕ್ಕ ಬಿಟ್ಟಾರ್ರಿ. ಈಗ ಹನ್ನೆರಡು ಆತು. ಯಾರೂ ಫೋನ್ ಎತ್ತವಲ್ರು."

ಅವಳು ಅವನ ಕರೆ ಕಡಿದು ಹಾಸ್ಟೆಲಿನ ನಂಬರ್ ಒತ್ತಿದಳು. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಒತ್ತಿದಳು. ಮೂರನೆಯ ಸಲಕ್ಕೆ ಹಾಸ್ಟೆಲ್ ನಡೆಸುವ ಶ್ರೀಲಕ್ಷ್ಮಿಯ ದನಿ ಕೇಳಿತು, ಎಂದಿನ ತೆಲುಗಿನಲ್ಲಿ, ಯಾವ ಗಾಬರಿಯೂ ಇಲ್ಲದೆ.

"ಗುಣವತಿನಾ? ಅವಳು ಹೋದಳಲ್ಲ ಮೇಡಂ. ನಿಮ್ಮ ಆಫೀಸಿನವರು ಬಂದಿದ್ದರು."

"ನಮ್ಮ ಆಫೀಸಿನವರಾ?"

"ಎರಡು ಗಾಡಿಯಲ್ಲಿ. ಡಾಕ್ಟರ್ ಪ್ರಿಯಂವದಾ ಕಳಿಸಿದ್ದಾರೆ ಅಂದರು. ನಿಮಗೊಂದು ಫೋನ್ ಮಾಡಿ ಕೇಳೋಣ ಇರು ಅಂತ ನಾನೇ ತಡೆದೆ. ಅವಳೇ ಕೇಳಲಿಲ್ಲ. ಡಾಕ್ಟರಮ್ಮ ಕರೆದರೆ ಹೋಗಲೇಬೇಕು ಅಂತ ಕೈ ಒರೆಸಿಕೊಂಡು ತಾನಾಗಿಯೇ ಹತ್ತಿದಳು."